ಸಾವಂತ್ರೆವ್ವನ ನೆರಳು, ನನ್ನ ಕೊಡಲಿ

ನಮ್ಮ ಮನೆಗೂ ಸಾವಂತ್ರೆವ್ವನ ಮನೆಗೂ ನಡುವೆ ಆರಡಿ ಅಗಲದ ಸಂದಿ ಇದೆ. ಜಾಗ ಅವಳದು. ಬೈಲಹೊಂಗಲದಲ್ಲಿ ಇಂಥ ಸಂದಿ ಸಿಕ್ಕರೆ ಜನ ಒಡೆದ ಹಂಚು, ಸವೆದ ಟೈರು ಒಟ್ಟುತ್ತಾರೆ. ಸಾವಂತ್ರೆವ್ವ ತೋಟ ಮಾಡಿದಳು.

ಇಪ್ಪತ್ತು ವರ್ಷ ಸರಕಾರಿ ಸಾಲೆಯಲ್ಲಿ ಬಿಸಿಯೂಟ ಬೇಯಿಸಿದವಳು ಅವಳು. ದಿನಕ್ಕೆ ಮುನ್ನೂರು ಮಕ್ಕಳ ಅನ್ನ, ಸಾರು. ಕೆಲಸ ಮುಗಿಸಿ ಬಂದ ದಿನ ನಮ್ಮ ಕಟ್ಟೆಯ ಮೇಲೆ ಕುಳಿತು ಹೇಳಿದ್ದಳು: "ಮಾಳಪ್ಪಾ, ಒಲಿ ಮುಂದ ನಿಂತು ನಿಂತು ನನ್ನ ಮಾರಿ ಅರ್ಧಾ ಬೆಂದೈತಿ ನೋಡು. ಇನ್ನ ಸಾಯೂತನಕಾ ನೆರಳಾಗ ಕುಂದ್ರಾಕಿ ನಾ."

ಆ ನೆರಳು ನಮ್ಮ ಹಿತ್ತಲದ ಬೇವಿನ ಮರದ್ದು. ಒಂದು ದೊಡ್ಡ ಟೊಂಗೆ ಗೋಡೆ ದಾಟಿ ಅವಳ ಸಂದಿಯ ಮೇಲೆ ಚಾಚಿಕೊಂಡಿತ್ತು. ಅದರ ಕೆಳಗೆ ತಳ ಹೋದ ಕೊಡಗಳಲ್ಲಿ ಒಂದೆಲಗ, ದೊಡ್ಡಪತ್ರೆ, ಕೆಸು. ಕೊನೆಗೆ, ಗೋಡೆಗೆ ಆನಿಸಿದ ಗಳಕ್ಕೆ ಹಬ್ಬಿದ, ನೆರಳಿಲ್ಲದೆ ಬದುಕದ ವೀಳ್ಯದ ಎಲೆಬಳ್ಳಿ. ಅದು ಅವಳ ತವರೂರು ಮನೋಳಿಯಿಂದ ಬಂದದ್ದು, ತವರಿನ ತೋಟದ ತುಂಡು. ಎರಡು ಸಲ ತಂದು ನೆಟ್ಟದ್ದು ಒಣಗಿತ್ತು. ಮೂರನೆಯದು ಚಿಗುರಿ ಅವಳ ಹೆಗಲಿನ ಎತ್ತರಕ್ಕೆ ಬಂದಿತ್ತು. ಅಷ್ಟರಲ್ಲಿ ಅವಳ ತಮ್ಮ ಅಲ್ಲಿಯ ಎಲೆತೋಟ ಕಿತ್ತು ಕಬ್ಬು ಹಚ್ಚಿದ. ಇದು ಸತ್ತರೆ ತವರಿನ ಬಳ್ಳಿ ಭೂಮಿಯ ಮೇಲೆ ಎಲ್ಲೂ ಇಲ್ಲ. ದಿನಾ ಮುಂಜಾನೆ ಅದರ ಮುಂದೆ ನಿಂತು, "ಏನ ನಮ್ಮವ್ವ, ಆರಾಮ ಅದಿ?" ಎಂದು ಕೇಳುತ್ತಿದ್ದಳು. ನಾನು ಗೋಡೆಯ ಈಚೆ ನಿಂತು ನಗುತ್ತಿದ್ದೆ.

ಈ ಸಲದ ಯುಗಾದಿಗೆ ನನ್ನ ತಲೆ ಕೆಟ್ಟಿತು. ಬೇವಿನ ಹೂ ಬೇಕು ಎಂದು ಬೆಳಗ್ಗೆಯಿಂದ ಓಣಿಯ ಜನ ಒಬ್ಬರ ಹಿಂದೊಬ್ಬರು. ಕೇಳಿ ಹರಿದುಕೊಂಡರೆ ಬೇಡ ಅನ್ನುವವನಲ್ಲ ನಾನು. ಒಬ್ಬಾತ ಕೇಳದೆ ಬಡಿಗೆ ಬೀಸಿದ. ಬಡಿಗೆ ಬಂದು ನನ್ನ ಹಂಚು ಒಡೆಯಿತು. ನಾನು ಕೊಡಲಿ ತಗೊಂಡು ಮರ ಹತ್ತಿದೆ.

"ತಗೊಳ್ರಿ! ಊರ ಮಂದಿ ಎಲ್ಲಾ ತಗೊಳ್ರಿ! ಬೇವು ತಿಂದು ಸುಖವಾಗಿರ್ರಿ!"

ಯಾವ ಟೊಂಗೆ ಎಂದು ನೋಡಲಿಲ್ಲ; ಗೋಡೆ ದಾಟಿದ ಆ ದೊಡ್ಡ ಟೊಂಗೆಯೇ ಹೊರಳಿ ನಮ್ಮ ಹಿತ್ತಲಿಗೆ ಬಿತ್ತು. ಹಿಂದೆಯೇ ಬಿಸಿಲು, ಕೊಡ ಬೋರಲು ಹಾಕಿದ ಹಾಗೆ, ಸಂದಿಯೊಳಗೆ ಸುರಿಯಿತು. ಕೆಳಗೆ ಸಾವಂತ್ರೆವ್ವ ಹಣೆಗೆ ಕೈ ಅಡ್ಡ ಹಿಡಿದು ನಿಂತಿದ್ದಳು. ಬೈದಿದ್ದರೆ ನಾನೂ ಬೈಯುತ್ತಿದ್ದೆ, ಅಲ್ಲಿಗೆ ಮುಗಿಯುತ್ತಿತ್ತು. ಅವಳು ಬೈಯಲಿಲ್ಲ.

"ಮಾಳಪ್ಪಾ, ನನ್ನ ಮಾಳಗಿ ಕಡದಿ ಬಿಡೊ," ಎಂದಳು, ಅಷ್ಟೆ.

ಮರದ ಮೇಲಿಂದ ಇಳಿಯುವುದಕ್ಕೂ ನಾಚಿಕೆಯಾಯಿತು.

ಅವತ್ತೇ ನನ್ನ ಟ್ರ್ಯಾಕ್ಟರಿನ ಟ್ರೇಲರಿಗೆ ಹೊದಿಸುವ ತಾಡಪತ್ರಿ ತಂದು ಸಂದಿಯ ಮೇಲೆ ಬಿಗಿದೆ. ಆದರೆ ಈ ಸಲದ ಚೈತ್ರಕ್ಕೆ ನೀತಿ ನಿಯಮ ಏನೂ ಇರಲಿಲ್ಲ. ಮುಂಜಾನೆ ಹಚ್ಚಡ ಹೊದೆಯುವಂಥ ತಂಪು, ಮಧ್ಯಾಹ್ನ ಡಾಂಬರು ಚಪ್ಪಲಿಗೆ ಅಂಟುವ ಬಿಸಿಲು, ಸಂಜೆ ಹುಚ್ಚು ಗಾಳಿ. ಆ ಗಾಳಿ ತಾಡಪತ್ರಿಯನ್ನು ಎತ್ತಿಕೊಂಡು ಹೋಗಿ ಓಣಿಯ ನೀರಿನ ಟಾಕಿಗೆ ಹೊದಿಸಿತು. ಸಾವಂತ್ರೆವ್ವ ಮೇಲೆ ನೋಡಿ, "ಪಾಪ, ಟಾಕಿಗೂ ಥಂಡಿ ಆಗಿತ್ತೇನೊ," ಎಂದಳು.

ಮರುದಿನ ನನ್ನ ಧೋತರ ಕಟ್ಟಿದೆ. ಯಾರದೋ ಆಡು ಗೋಡೆ ಹತ್ತಿ ಅದರ ಅರ್ಧ ತಿಂದಿತು. ಮೂರನೆಯ ದಿನ ಮನೆಯಾಕೆ ಕೆಂಪವ್ವನ ಟ್ರಂಕಿಗೆ ಕೈ ಹಾಕಿದೆ.

"ನಿಮ್ಮ ಸಿಟ್ಟಿಗೆ ನನ್ನ ಸೀರಿ ಯಾಕ ಬಿಸಲಾಗ ನಿಲ್ಲಬೇಕ್ರಿ?" ಎಂದಳು ಕೆಂಪವ್ವ. ಎಂದವಳೇ ಹಳೆಯದೊಂದು ಇಳಕಲ್ ಸೀರೆ ತೆಗೆದು, ನನ್ನ ಕೈಗೆ ಕೊಡದೆ, ತಾನೇ ಹೋಗಿ ಕಟ್ಟಿ ಬಂದಳು. ನಾನು ಕಟ್ಟಿದ್ದು ನಿಲ್ಲುವುದಿಲ್ಲ ಎಂದು ಅವಳಿಗೆ ಗೊತ್ತು.

ಸೀರೆ ನಿಂತಿತು. ಬಳ್ಳಿ ಮೂರು ಎಲೆ ಉದುರಿಸಿತು, ಉಳಿದವು ಜೋತು ಬಿದ್ದವು. ನಾನು ದಿನಕ್ಕೆ ಮೂರು ಸಲ ಗೋಡೆಯ ಮೇಲಿಂದ ಕತ್ತು ಚಾಚಿ, "ಹೆಂಗೈತಿ ಬೇ?" ಎಂದು ಕೇಳುವೆ. "ಜೀವ ಐತಿ" ಎನ್ನುವಳು. ಎಂಟನೆಯ ದಿನ ಅವಳೇ ಕೂಗಿದಳು. ಬೆರಳಿನ ಉಗುರಿನಷ್ಟು ಕುಡಿ, ತುದಿಯಲ್ಲಿ ಕೆಂಪು. ನಾವಿಬ್ಬರೂ ತೊಟ್ಟಿಲ ಕೂಸು ನೋಡುವ ಹಾಗೆ ಬಗ್ಗಿ ನೋಡಿದೆವು.

ಅವತ್ತೇ ನಾಲ್ಕು ಗಂಟೆಗೆ ಆಕಾಶ ಕಪ್ಪಾಯಿತು. ಒಂದು ಹನಿ, ಎರಡು ಹನಿ, ಆಮೇಲೆ ಹಂಚಿನ ಮೇಲೆ ಟಣ್! ಆಣೆಕಲ್ಲು. ಓಡಿ ಹೋಗಿ ಕಿಟಕಿಯಿಂದ ನೋಡಿದರೆ ಸೀರೆ ಕಲ್ಲು ತುಂಬಿಕೊಂಡು ಜೋಳಿಗೆಯ ಹಾಗೆ ಜೋತು ಬಿದ್ದಿದೆ, ನೋಡನೋಡುತ್ತ ಪರ್ ಎಂದು ಹರಿಯಿತು. ಕೆಂಪವ್ವ ಪರಾತದ ಅಗಲ ತಟ್ಟೆಯಲ್ಲಿ ರೊಟ್ಟಿಯ ಹಿಟ್ಟು ನಾದುತ್ತಿದ್ದಳು. ಹಿಟ್ಟನ್ನು ಅವಳ ಉಡಿಗೆ ಹಾಕಿ, ಪರಾತ ಕಸಿದುಕೊಂಡು ಓಡಿದೆ.

ಸಂದಿಯ ಬಾಯಲ್ಲಿ ಸಾವಂತ್ರೆವ್ವ, ತಲೆಯ ಮೇಲೆ ಬುಟ್ಟಿ.

"ಚಪ್ಪಲ್! ಚಪ್ಪಲ್ ಬಿಡೊ ಹೊರಗ!"

"ಆಣಿಕಲ್ಲ ಬೀಳಾಕತ್ತಾವ ಬೇ!"

"ಬೀಳ್ಲಿ! ಎಲಿಬಳ್ಳಿ ಕಡೆ ಚಪ್ಪಲ್ ಹಾಕ್ಕೊಂಡು ಯಾರ ಹೊಕ್ಕಾರ? ಲಕ್ಷ್ಮಿ ಅಕಿ!"

ತಲೆಯ ಮೇಲೆ ಟಣ ಟಣ ಬೀಳುತ್ತಿದ್ದರೂ ಬಾಗಿ ಚಪ್ಪಲಿ ಬಿಟ್ಟೆ. ಬರಿಗಾಲಲ್ಲಿ ಆ ಕಲ್ಲುಗಳ ಮೇಲೆ, ಅಬ್ಬಬ್ಬಾ! ಒಂದು ಕಾಲು ಇಟ್ಟರೆ ಇನ್ನೊಂದು ತಾನೇ ಏಳುತ್ತದೆ. ಕುಣಿಯುತ್ತ ಹೋಗಿ ಬಳ್ಳಿಯ ಮೇಲೆ ಪರಾತ ಹಿಡಿದೆ. ಅದು ಹೋಳಿಹುಣ್ಣಿಮೆಯ ಹಲಗೆವಾದ್ಯದ ಹಾಗೆ ಬಡಿದುಕೊಳ್ಳತೊಡಗಿತು. ಸಾವಂತ್ರೆವ್ವ ನನ್ನ ಕಾಲು ನೋಡಿ ನಕ್ಕಳು. ಬುಟ್ಟಿ ಜಾರಿತು, ಒಂದು ಕಲ್ಲು ಅವಳ ಮೂಗಿಗೆ ಬಿತ್ತು. ಈಗ ನಾನು ನಕ್ಕೆ. ನಗುತ್ತ ಕುಣಿದೆ, ಕುಣಿಯುತ್ತ ಬೈದೆ, ಯಾರನ್ನು ಬೈದೆನೋ ಗೊತ್ತಿಲ್ಲ. ಅವಳು ಬುಟ್ಟಿ ತಂದು ಬಳ್ಳಿಯ ಬುಡಕ್ಕೆ ಮುಚ್ಚಿ, ಬರಿ ತಲೆಯಲ್ಲಿ ನಿಂತು, "ಕುಡಿ ಐತೇನೊ? ಕುಡಿ ನೋಡೊ!" ಎಂದು ಕೂಗಿದಳು.

ನೋಡಿದೆ. ದೊಡ್ಡ ಎಲೆಯೊಂದು ಹರಿದಿತ್ತು. ಕುಡಿ ಹಾಗೇ ಇತ್ತು.

"ಐತಿ ಬೇ!"

ಹತ್ತು ನಿಮಿಷಕ್ಕೆ ಎಲ್ಲ ನಿಂತಿತು. ಮೋಡ ಸರಿದು ಫಳ್ಳನೆ ಬಿಸಿಲು ಬಂತು. ನಾನು ಪರಾತ ಇಳಿಸಿದೆ.

"ಇಳಸಬ್ಯಾಡ! ಬಿಸಲ ಬಂತಲ್ಲ, ಹಿಡಿ ಮ್ಯಾಲೆ!"

ಅಷ್ಟರಲ್ಲಿ ಕೆಂಪವ್ವ ಕೈಯೆಲ್ಲ ಹಿಟ್ಟು ಮಾಡಿಕೊಂಡು ಬಂದು, "ರೊಟ್ಟಿ ಏನ ನೆತ್ತಿ ಮ್ಯಾಲೆ ಬಡೀಲಿ?" ಎಂದಳು.

"ಇವತ್ತ ನಮ್ಮಲ್ಲೆ ಉಣ್ಣುವಂತ್ರಿ, ಕೆಂಪವ್ವಾ. ಪರಾತ ಬೇಕು ನನಗ. ನಿನ್ನ ಗಂಡನೂ ಬೇಕು."

"ಎಷ್ಟೊತ್ತು ನಿಲ್ಲೂದು ಬೇ?"

"ಬಿಸಲ ಗ್ವಾಡಿ ದಾಟೂತನಕಾ."

ಸಿಟ್ಟು ಬರಬೇಕಿತ್ತು, ಬರತೊಡಗಿಯೂ ಇತ್ತು. ಆದರೆ ಗಾಳಿಗೆ ಆ ಕುಡಿ ಬಂದು ನನ್ನ ಕಂಕುಳ ಕೆಳಗೆ ತಾಗಿತು, ಮತ್ತೆ ತಾಗಿತು. ಕಚಗುಳಿ ತಡೆಯಲಾಗಲಿಲ್ಲ. ನಕ್ಕೆ, ಪರಾತ ಗಡಗಡ ನಡುಗಿತು.

"ಅಳ್ಳಾಡಬ್ಯಾಡೊ! ನೆರಳ ಕುಣಿಯಾಕತ್ತೈತಿ," ಎಂದು ಸಾವಂತ್ರೆವ್ವ ಬೈದಳು.