ಕೇಕಿನ ಮೇಲೆ ಮಜ್ಜಿಗೆ

ಮೊದಲು ಇದನ್ನು ಬೇರೆ ಥರ ಬರೆದಿದ್ದೆ. ಅದರಲ್ಲಿ ನಾನು ಒಳ್ಳೆಯವಳಾಗಿದ್ದೆ. ಓದಿ ನೋಡಿದರೆ ಎಲ್ಲ ಸರಿಯಾಗಿ ಕೂತಿತ್ತು. ಅದಕ್ಕೇ ಅನುಮಾನ ಬಂದು ಹರಿದು ಹಾಕಿದೆ. ಈಗ ನೆನಪಿರುವಷ್ಟನ್ನೇ ಬರೆಯುತ್ತೇನೆ. ನೆನಪಿಲ್ಲದ ಕಡೆ ಇಲ್ಲ ಎಂದೇ ಬರೆಯುತ್ತೇನೆ.

ಸಾಗರದಲ್ಲಿ, ಕೆಳದಿ ರಸ್ತೆಯ ಒಂದು ಸೂಪರ್ ಮಾರ್ಕೆಟ್ಟಿನಲ್ಲಿ ನಾಲ್ಕು ವರ್ಷ ಕೆಲಸ ಮಾಡಿದೆ. ಬೆಳಿಗ್ಗೆ ಬಾಗಿಲು ತೆಗೆಯುವ ಮುಂಚೆ ಬ್ರೆಡ್ಡು, ಬನ್ನು, ಮೊಸರು, ಕೇಕುಗಳ ತಾರೀಖು ನೋಡಿ ಅವಧಿ ಮುಗಿದದ್ದನ್ನು ತೆಗೆಯುವುದು ನನ್ನ ಪಾಲಿನ ಕೆಲಸ. ತೆಗೆದದ್ದನ್ನು ಹಿತ್ತಲ ಬಾಗಿಲಿಗೆ ತಂದು, ಪ್ಯಾಕೆಟ್ಟು ಕತ್ತರಿಸಿ ಕ್ರೇಟಿಗೆ ಸುರಿದು, ಮೇಲೆ ಫಿನಾಯಿಲ್ ಹೊಯ್ದು, ಫೋಟೋ ತೆಗೆದು ಅಂಗಡಿಯ ವಾಟ್ಸಾಪ್ ಗುಂಪಿಗೆ ಹಾಕಬೇಕು. ಆಮೇಲೆ ಕಸದ ಗಾಡಿ. ಯಾರಾದರೂ ತಿಂದು ಏನಾದರೂ ಆದರೆ ಅಂಗಡಿಯ ತಲೆಗೆ ಬರುತ್ತದೆ ಎಂಬುದು ಮ್ಯಾನೇಜರ್ ಹೇಳಿದ ಕಾರಣ. ಕಾರಣ ತಪ್ಪೇನಲ್ಲ. ಆದರೆ ಅಕ್ಕಿ ತೊಳೆದ ನೀರನ್ನೂ ಚೆಲ್ಲದೆ ದನದ ಬಾನಿಗೆ ಹೊಯ್ಯುವ ಮನೆಯಲ್ಲಿ ಬೆಳೆದವಳು ನಾನು. ಇನ್ನೂ ಮೆತ್ತಗಿರುವ ಬನ್ನಿನೊಳಗೆ ಆ ಬಿಳಿ ನೀರು ಇಳಿಯುವಾಗ ಕೈ ಹಿಂಜರಿಯುತ್ತಿತ್ತು.

ಹಿತ್ತಲ ಬಾಗಿಲಿಗೆ ದಿನಾ ಒಬ್ಬ ಹೆಂಗಸು ಬರುತ್ತಿದ್ದರು. ಹಿಂದಿನ ಓಣಿಯವರು. ಒಂದೇ ಒಂದು ಜೆರ್ಸಿ ದನ ಕಟ್ಟಿಕೊಂಡು, ಓಣಿಯ ಏಳೆಂಟು ಮನೆಗೆ ಹಾಲು ಹಾಕಿ ಬದುಕುತ್ತಿದ್ದರು. ನಾವು ಕಿತ್ತೆಸೆದ ಕೋಸಿನ ಎಲೆ, ಹೂಕೋಸಿನ ದಂಟು ಒಯ್ಯಲು ಅವರಿಗೆ ಅಪ್ಪಣೆಯಿತ್ತು. ಪ್ಯಾಕೆಟ್ಟಿನದು ಮಾತ್ರ ಮುಟ್ಟುವಂತಿರಲಿಲ್ಲ.

"ಎಂತ ತಂಗಿ, ಇವತ್ತೂ ಅಭಿಷೇಕನಾ?" ಎಂದು ನನ್ನ ಫಿನಾಯಿಲ್ ನೋಡಿ ಕಿಚಾಯಿಸುವರು.

"ನಿಮ್ಮ ದನಕ್ಕೆ ಬನ್ನು ರೂಢಿ ಮಾಡ್ಸಿದ್ರೆ ಆಮೇಲೆ ಕಾಫಿನೂ ಕೇಳುತ್ತೆ ಅಕ್ಕ."

"ಕೇಳ್ಲಿ ಬಿಡು. ಹಾಲು ಅದ್ರದ್ದೇ ಅಲ್ವಾ?"

ಆ ಜನವರಿಯಲ್ಲಿ ಹೊಸ ವರ್ಷದ ಕೇಕು ಸಿಕ್ಕಾಪಟ್ಟೆ ಉಳಿಯಿತು. ಯಾರೋ ದೊಡ್ಡ ಆಸೆಯಿಂದ ಆರ್ಡರ್ ಹಾಕಿದ್ದರು. ಊರು ಅಷ್ಟು ಕೇಕು ತಿನ್ನಲಿಲ್ಲ. ಒಂದು ಕೊಂಡರೆ ಇನ್ನೊಂದು ಉಚಿತ ಎಂದು ಬೋರ್ಡು ಹಾಕಿದರೂ ಹೋಗಲಿಲ್ಲ. ಬೇಕರಿಯವರು ವಾಪಸ್ ತೆಗೆದುಕೊಳ್ಳಲಿಲ್ಲ. ಅವಧಿ ಮುಗಿದ ಬೆಳಿಗ್ಗೆ ಹಿತ್ತಲಲ್ಲಿ ಮೂರು ಕ್ರೇಟು ತುಂಬಿದ್ದವು. ಅಕ್ಕ ಕೋಸಿನ ಎಲೆಯ ಚೀಲ ಹಿಡಿದು ನೋಡುತ್ತ ನಿಂತರು. ಅವರೇ ಕೇಳಿದರು ಎಂದು ಹರಿದ ಪ್ರತಿಯಲ್ಲಿ ಬರೆದಿದ್ದೆ. ಸುಳ್ಳು. ನಾನೇ ಹೇಳಿದೆ, ಮನೆಗೆ ಹೋಗಿ ಗೋಣಿಚೀಲ ತನ್ನಿ ಎಂದು.

ಉಪಾಯವೂ ನನ್ನದೇ. ಅವರು ಬರುವುದರೊಳಗೆ, ಖಾಲಿಯಾಗಿದ್ದ ಒಂದು ಫಿನಾಯಿಲ್ ಬಾಟಲಿಗೆ ಅವಧಿ ಮುಗಿದ ಮೊಸರು ಹಾಕಿ, ನೀರು ಬೆರೆಸಿ ಅಲ್ಲಾಡಿಸಿದೆ. ತೆಳ್ಳನೆಯ ಮಜ್ಜಿಗೆ. ಅದನ್ನು ಕೇಕಿನ ಮೇಲೆ ಹೊಯ್ದು, ಬಾಟಲಿಯೂ ಕಾಣುವಂತೆ ಫೋಟೋ ತೆಗೆದು ಗುಂಪಿಗೆ ಕಳಿಸಿದೆ. ಗುಂಪಿನಲ್ಲಿ ಮ್ಯಾನೇಜರ್ ಹೆಬ್ಬೆರಳು ಎತ್ತಿದರು. ಚೀಲ ಹಿಡಿದು ಬಂದ ಅಕ್ಕ ವಿಷಯ ತಿಳಿದು ಬಾಯಿಗೆ ಸೆರಗು ಹಿಡಿದು ನಕ್ಕಿದ್ದೇ ನಕ್ಕಿದ್ದು. "ಭಾರಿ ಇದ್ದೀಯ ಮಾರಾಯ್ತಿ ನೀನು!"

"ಇವತ್ತೇ ಹಾಕಿ ಮುಗ್ಸಿ ಅಕ್ಕ, ನಾಳೆಗೆ ಬೂಷ್ಟು ಬರುತ್ತೆ" ಎಂದೆ. ಈ ಮಾತು ನಾನು ಹೇಳಿದ್ದು. ಅದರಲ್ಲಿ ಅನುಮಾನವಿಲ್ಲ.

ಅನುಮಾನವಿರುವುದು ಬಾಟಲಿಯ ವಿಷಯದಲ್ಲಿ. ಮೊಸರು ಹಾಕುವ ಮುಂಚೆ ಅದನ್ನು ತೊಳೆದೆ. ಹಿತ್ತಲ ನಲ್ಲಿಯ ಕೆಳಗೆ, ಮೂರು ಸಲ, ವಾಸನೆ ಹೋಗುವವರೆಗೆ. ಕಣ್ಣಿಗೆ ಕಟ್ಟಿದಂತಿದೆ. ಅಷ್ಟೇ ಸ್ಪಷ್ಟವಾಗಿ ಇನ್ನೊಂದೂ ಕಾಣುತ್ತದೆ: ಆ ಬೆಳಿಗ್ಗೆ ನಲ್ಲಿಯಲ್ಲಿ ನೀರಿಲ್ಲ, ನಾನು ಕುಡಿಯಲು ತಂದ ನೀರನ್ನೇ ಮೊಸರಿಗೆ ಬೆರೆಸುತ್ತಿದ್ದೇನೆ. ಎರಡೂ ಒಂದೇ ಬೆಳಿಗ್ಗೆಯಾಗಲು ಸಾಧ್ಯವಿಲ್ಲ. ಯಾವುದು ನಡೆದದ್ದು, ಯಾವುದು ಆಮೇಲೆ ನಾನು ಕಟ್ಟಿಕೊಂಡದ್ದು ಎಂದು ಎಷ್ಟು ಯೋಚಿಸಿದರೂ ಬಗೆಹರಿಯುವುದಿಲ್ಲ.

ಮರುದಿನ ಹತ್ತು ಗಂಟೆ ಸುಮಾರಿಗೆ ಅಕ್ಕ ಮುಂಬಾಗಿಲಿನಿಂದ ಬಂದರು. ಎಂದೂ ಹಾಗೆ ಬಂದವರಲ್ಲ. ಕೈಗೆ ಸಗಣಿ ಮೆತ್ತಿತ್ತು. ನಾನು ಬಿಸ್ಕತ್ತು ಜೋಡಿಸುತ್ತಿದ್ದೆ, ಪಕ್ಕದಲ್ಲೇ ಮ್ಯಾನೇಜರ್.

"ತಂಗಿ, ದನ ಹೊಟ್ಟೆ ಉಬ್ಬರಿಸ್ಕೊಂಡು ಮಲ್ಗಿದೆ, ಏಳ್ತಾನೇ ಇಲ್ಲ. ಡಾಕ್ಟ್ರು ಬಂದಿದಾರೆ. ಅದ್ರಲ್ಲಿ ಫಿನಾಯಿಲ್ ಏನಾದ್ರೂ ಇತ್ತಾ, ಕೇಳ್ಕೊಂಡ್ ಬಾ ಅಂದ್ರು. ಬೇಗ ಹೇಳು."

ಮ್ಯಾನೇಜರ್ ತಿರುಗಿದರು. "ಯಾವುದ್ರಲ್ಲಿ?"

"ನಾವು ಹೊರಗಿನವರಿಗೆ ಪ್ಯಾಕೆಟ್ಟಿಂದು ಏನೂ ಕೊಡಲ್ಲ ಸರ್" ಎಂದೆ. ಅಕ್ಕನಿಗಲ್ಲ, ಅವರಿಗೆ.

ಅಕ್ಕ ನನ್ನ ಮುಖ ನೋಡಿದರು. ಆಮೇಲೆ ಮ್ಯಾನೇಜರನ್ನು. "ಕೋಸಿನ ಎಲೆ ವಿಷ್ಯ ಕೇಳ್ದೆ ಸರ್. ಅದಕ್ಕೆ ಎಂತಾದ್ರೂ ಬಿದ್ದಿತ್ತಾ ಅಂತ" ಎಂದು ಹೊರಟು ಹೋದರು.

ಹಿಂದೆಯೇ ಓಡಬಹುದಿತ್ತು. ಮಧ್ಯಾಹ್ನ ಊಟದ ಬಿಡುವಿನಲ್ಲಾದರೂ ಹೋಗಬಹುದಿತ್ತು. ಆ ಓಣಿ ಐದು ನಿಮಿಷದ ದಾರಿ. ಡಬ್ಬಿ ಬಿಚ್ಚಿ ಊಟ ಮಾಡಿದೆ. ಡಬ್ಬಿಯಲ್ಲಿ ಏನಿತ್ತು ಎಂಬುದೂ ನೆನಪಿದೆ. ಬರೆಯಲು ನಾಚಿಕೆ.

ನಾಲ್ಕನೇ ದಿನ ಹೋದೆ. ಕೊಟ್ಟಿಗೆ ಗುಡಿಸಿ ಖಾಲಿಯಾಗಿತ್ತು. ಹಗ್ಗವನ್ನು ಸುತ್ತಿ ಗೂಟಕ್ಕೆ ತಗುಲಿಸಿದ್ದರು. ಅಕ್ಕ ಬೈಯಲಿಲ್ಲ. ಚಾಪೆ ಹಾಸಿ ನೀರು ಕೊಟ್ಟರು.

"ಡಾಕ್ಟ್ರು ಮೊದ್ಲು ವಿಷ ಅಂತ್ಲೇ ನೋಡಿದ್ರು. ಆಮೇಲೆ ಹಿಟ್ಟು ಸಕ್ರೆ ಜಾಸ್ತಿಯಾಗಿ ಹೊಟ್ಟೇಲಿ ಹುಳಿ ಆಗಿದೆ, ಅದೇ ಇರ್ಬೇಕು ಅಂದ್ರು. ಅಷ್ಟೊತ್ತಿಗೆ ಸಂಜೆ ಆಗಿತ್ತು ತಂಗಿ."

"ಫಿನಾಯಿಲ್ ಇರ್ಲಿಲ್ಲ ಅಕ್ಕ. ಮಜ್ಜಿಗೆ. ನೀವೇ ನೋಡಿದ್ರಲ್ಲ."

"ಮಜ್ಜಿಗೆ ನೋಡ್ದೆ. ಬಾಟ್ಲಿ ಫಿನಾಯಿಲ್ದು ಅಲ್ವಾ? ತೊಳ್ದಿದ್ಯಾ?"

"ತೊಳ್ದಿದ್ದೆ." ಒಂದು ಕ್ಷಣವೂ ತಡೆಯಲಿಲ್ಲ ನಾನು.

ಅವರು ಕೊಟ್ಟಿಗೆಯ ಕಡೆ ತಿರುಗಿದರು. "ಹಂಗಾದ್ರೆ ನಂದೇ ತಪ್ಪು ಬಿಡು. ಆಸೆಗೆ ಬಿದ್ದು ಅಷ್ಟೂ ಒಂದೇ ದಿನ ಹಾಕ್ದೆ. ದನ ಸಾಕೋಳಿಗೆ ಅಷ್ಟು ಗೊತ್ತಾಗ್ಬೇಕಿತ್ತು."

ಇವತ್ತೇ ಮುಗಿಸಿ ಎಂದವಳು ನಾನು ಎಂಬುದು ಅವರಿಗೆ ಮರೆತಿತ್ತೋ, ನೆನಪಿದ್ದೂ ಬಿಟ್ಟರೋ. ನಾನು ನೆನಪಿಸಬಹುದಿತ್ತು. ಕೊಟ್ಟ ನೀರು ಕುಡಿದು ಲೋಟ ಕೆಳಗಿಟ್ಟೆ. "ಬೇಜಾರ್ ಮಾಡ್ಕೋಬೇಡಿ ಅಕ್ಕ" ಎಂದು ಅವರನ್ನೇ ಸಮಾಧಾನ ಮಾಡಿ ಎದ್ದು ಬಂದೆ.