ಕುರಕುಂಟಾದಲ್ಲಿ ಮೊದಲ ಸರ್ವಿಸ್

ಇಬ್ಬರು ಪಕ್ಕಪಕ್ಕ ಕೂತು, ಹಿಂದೆ ಚೀಲ ಹೇರಿಕೊಂಡು ಹೊಲದಾಗೆಲ್ಲ ಓಡಾಡುವ ಸಣ್ಣ ಮೋಟಾರು ಗಾಡಿ ಅದು. ಮೊದಲ ಸರ್ವಿಸ್‌ಗೆಂದು ಕಂಪನಿ ಮೆಕ್ಯಾನಿಕ್ ಆದ ನಾನು ಕುರಕುಂಟಾಕ್ಕೆ ಹೋದದ್ದು ಎಳ್ಳಮಾಸಿ, ಅಂದರೆ ಎಳ್ಳು ಅಮಾವಾಸ್ಯೆ ಹಬ್ಬದ ದಿನ. ಮಾಲೀಕ ಶಿವರಾಯಪ್ಪ ಅದರ ಮುಂದಿನ ಕೊಂಡಿಗೆ ಹಗ್ಗ ಬಿಗಿದು ಜೋಡೆತ್ತು ಹೂಡುತ್ತಿದ್ದರು.

"ಇಂಜಿನ್ ಕೆಟ್ಟದ ಏನ್ರಿ?"

"ಭಾಳ ಛಲೋ ಅದ. ಆದ್ರ ಇವತ್ತ ಭೂತಾಯಿಗಿ ಚರಗಾ ಚೆಲ್ಲಲಿಕ್ಕ ಎತ್ತು ಹೂಡಿಕೊಂಡೇ ಹೋಗೋದು ನಮ್ಮ ಮನಿ ಪದ್ಧತಿ. ಎತ್ತಿನ ಬಂಡಿ ಮಾರಿ ಇದನ್ನ ತಂದೀವಿ. ನೀವು ಕುಂದ್ರಿ, ಬ್ರೇಕ್ ಹಿಡೀರಿ. ಎತ್ತಿನ ಕಾಲಿಗಿ ಬಡೀಬಾರದು."

ಎಡಗಡೆ ಎತ್ತು ಮೂರು ಸಲ ಬಾಲ ತಿರುವಿದ ಮೇಲೇ ಹೆಜ್ಜೆ ಕಿತ್ತಿತು. ಇಂಜಿನ್ ಬಂದ್ ಮಾಡಿದ ಗಾಡಿಯಲ್ಲಿ ಕೂತು ಹೊಲದ ತನಕ ಬ್ರೇಕ್ ಒತ್ತಿದೆ. ಪಕ್ಕದಲ್ಲಿ ಅಂಬಲಿ ಗಡಿಗೆ ಹಿಡಿದ ಅವರ ಹೆಂಡತಿ, "ಮೆಲ್ಲಕ ಹೊಡೀರಿ, ಚೆಲ್ತದ" ಎಂದು ನನಗೇ ಬೈದರು.

ಅವರು ಹಬ್ಬದಡುಗೆಯನ್ನು ಪೈರಿನ ಮೇಲೆ ಎರಚಿ ಚರಗ ಚೆಲ್ಲಿದ ಮೇಲೆ, ಸಜ್ಜಿ ರೊಟ್ಟಿ ಉಂಡು ಸರ್ವಿಸ್ ಫಾರ್ಮ್ ತುಂಬಿದೆ. 'ಸ್ಟಾರ್ಟಿಂಗ್ ಟ್ರಬಲ್' ಎಂಬಲ್ಲಿ, 'ಎಡಗಡೆ ಎತ್ತಿಗೆ ಸ್ವಲ್ಪ ಇದೆ' ಎಂದು ಬರೆದೆ.