ಆರನೇ ನಂಬರ್ ಬೆಡ್ಡಿನ ಏಕಾದಶಿ

ಶೇಂಗಾಪುಡಿ, ಜೀರಿಗೆ, ತುಪ್ಪದಲ್ಲಿ ಬಾಡಿದ ಹಸಿಮೆಣಸಿನಕಾಯಿ… ಹೋದ ವಾರ ಮಹಾಪೆಯ ನಮ್ಮ ಆಸ್ಪತ್ರೆಯ ಕ್ಯಾಂಟೀನಿನಿಂದ ಸಾಬೂದಾಣಿ ಖಿಚಡಿಯ ವಾಸನೆ ಮೂರನೆಯ ಮಹಡಿಯ ತನಕ ಏರಿ ಬಂತು. ಅಂದು ಆಷಾಢ ಏಕಾದಶಿ. ಈ ಮರಾಠಿ ಸೀಮೆಯಲ್ಲಿ ಅರ್ಧ ಸ್ಟಾಫಿಗೆ ಆ ದಿನ ಉಪವಾಸ. ಉಪವಾಸವೆಂದರೆ ಹೊಟ್ಟೆ ತುಂಬ ಖಿಚಡಿ. ಎಲ್ಲರ ಬಾಯಲ್ಲೂ ನೀರೂರಿಸುವ ಆ ವಾಸನೆಗೆ ನನ್ನ ಬೆನ್ನು ಮಾತ್ರ ತಾನಾಗಿ ನೆಟ್ಟಗಾಗುತ್ತದೆ. ಹಿಂದೆ ಯಾರೋ ನಿಂತು ನನ್ನ ಕೈಯನ್ನೇ ನೋಡುತ್ತಿದ್ದಾರೆ ಅನ್ನಿಸುತ್ತದೆ. ನಮ್ಮ ಮೇಟ್ರನ್ ಹಾಗೆಯೇ ನಿಲ್ಲುತ್ತಿದ್ದರು.

ಅವರ ಕೈಕೆಳಗೆ ನಾನು ಸೇರಿದ್ದು ನಲವತ್ತೊಂದನೆಯ ವಯಸ್ಸಿನಲ್ಲಿ. ಹುಬ್ಬಳ್ಳಿಯಲ್ಲಿ ನರ್ಸಿಂಗ್ ಕಲಿತು ಆರು ವರ್ಷ ಕೆಲಸ ಮಾಡಿದ್ದವಳು ಮದುವೆಯಾಗಿ ಡೊಂಬಿವಲಿಗೆ ಬಂದೆ. ಬಂದವಳು ಮನೆ ಹಿಡಿದೆ. ಮಗಳು ಹುಟ್ಟಿದಳು. ಅತ್ತೆಗೆ ಸಕ್ಕರೆ ಕಾಯಿಲೆ, ಆಮೇಲೆ ಕಾಲಿನ ಗಾಯ, ಆಮೇಲೆ ಕಣ್ಣು… ಹದಿಮೂರು ವರ್ಷ ಹೇಗೆ ಕಳೆಯಿತೋ ತಿಳಿಯಲಿಲ್ಲ. ಅತ್ತೆ ತೀರಿಕೊಂಡು ವರ್ಷಾಂತಕ ಮುಗಿದ ಮೇಲೆ ಒಂದು ದಿನ ಬೀರುವಿನ ತಳದಿಂದ ನನ್ನ ಸರ್ಟಿಫಿಕೇಟುಗಳನ್ನು ತೆಗೆದು ಊಟದ ಟೇಬಲ್ಲಿನ ಮೇಲಿಟ್ಟೆ.

"ಈಗ್ಯಾಕ ಬೇಕ ಅದೆಲ್ಲಾ? ಮನ್ಯಾಗ ಏನ್ ಕಡಿಮಿ ಆಗೇದ?" ಎಂದರು ನಮ್ಮವರು.

"ಮನ್ಯಾಗ ಏನೂ ಕಡಿಮಿ ಇಲ್ರೀ. ನನಗ ಕಡಿಮಿ ಆಗೇದ," ಎಂದೆ.

ನೀನು ಹೋಗು, ಪಪ್ಪನನ್ನು ನಾನು ನೋಡಿಕೊಳ್ಳುತ್ತೇನೆ ಎಂದು ಏಳನೆಯ ಕ್ಲಾಸಿನ ಮಗಳು ಮೊಬೈಲಿನಿಂದ ತಲೆ ಎತ್ತದೆಯೇ ತೀರ್ಪು ಕೊಟ್ಟಳು: "ಮಮ್ಮಿ, ತೂ ಜಾ. ಪಪ್ಪಾ ಕೋ ಮೈ ಸಂಭಾಲತೀ ಹೂಂ."

ನರ್ಸಿಂಗ್ ರಿಜಿಸ್ಟ್ರೇಷನ್ ಹೊಸದಾಗಿ ಮಾಡಿಸಿಕೊಳ್ಳುವಷ್ಟರಲ್ಲಿ ನನ್ನ ಚಪ್ಪಲಿ ಸವೆಯಿತು. ಹೋದಲ್ಲೆಲ್ಲ ವಯಸ್ಸು ಕೇಳಿದರು, ಎಷ್ಟು ವರ್ಷದ ಗ್ಯಾಪ್ ಎಂದು ಕೇಳಿದರು, ಫೋನ್ ಮಾಡುತ್ತೇವೆ ಎಂದರು. ಕೊನೆಗೆ ಡೊಂಬಿವಲಿಯಲ್ಲೇ, ನಲವತ್ತು ಹಾಸಿಗೆಯ ಒಂದು ಆಸ್ಪತ್ರೆಯಲ್ಲಿ ಮೂರು ತಿಂಗಳ ಟ್ರಯಲ್ ಸಿಕ್ಕಿತು. ಮೂರು ತಿಂಗಳ ಕೊನೆಗೆ ಮೇಟ್ರನ್ ಸಹಿ ಹಾಕಿದರೆ ಕೆಲಸ ಗಟ್ಟಿ. ಹಾಕದಿದ್ದರೆ ಮನೆ. ಅಲ್ಲಿಂದ ಮನೆಗೆ ಕಳಿಸಿದವಳನ್ನು ಇನ್ನು ಯಾರೂ ತೆಗೆದುಕೊಳ್ಳುವುದಿಲ್ಲ ಎಂಬುದು ನನಗೆ ಚೆನ್ನಾಗಿ ಗೊತ್ತಿತ್ತು.

ಮೇಟ್ರನ್ ಉಡುಪಿ ಕಡೆಯವರು. ಕುಳ್ಳಗೆ, ತೆಳ್ಳಗೆ ಇದ್ದರು. ಇಸ್ತ್ರಿ ಮಾಡಿದ ಬಿಳಿ ಸೀರೆಯ ಒಂದು ನೆರಿಗೆ ಸರಿದದ್ದನ್ನೂ ಯಾರೂ ಕಂಡವರಿಲ್ಲ. ಫೋನಿನಲ್ಲಿ ಅಕ್ಕನ ಜೊತೆ ತುಳು, ಡಾಕ್ಟರುಗಳ ಜೊತೆ ಇಂಗ್ಲಿಷು, ವಾರ್ಡಿನಲ್ಲಿ ಮರಾಠಿ. ಕನ್ನಡ ಮಾತ್ರ ನನಗೊಬ್ಬಳಿಗೆ ಮೀಸಲು, ಅದೂ ಬೈಯುವುದಕ್ಕೆ. ಮೊದಲ ದಿನ ನನ್ನ ಎರಡೂ ಕೈ ಹಿಡಿದು ಅಂಗೈ ತಿರುಗಿಸಿ ನೋಡಿದರು.

"ಹದಿಮೂರು ವರ್ಷ ಚಪಾತಿ ಲಟ್ಟಿಸಿದ ಕೈ ಇದು. ಇದ್ರಲ್ಲಿ ಸೂಜಿ ಹಿಡಿಲಿಕ್ಕೆ ನಾನು ಬಿಡುದಿಲ್ಲ, ಗೊತ್ತುಂಟಾ?"

ಮಾತಿಗೆ ತಪ್ಪಲಿಲ್ಲ. ಮೊದಲ ತಿಂಗಳು ಪೂರ್ತಿ ನನಗೆ ಹಾಸಿಗೆ ಹಾಸುವುದು, ಬೆಡ್‌ಶೀಟು ಎಣಿಸುವುದು, ಬಿ.ಪಿ. ನೋಡುವುದು, ಇಷ್ಟೇ. ಹಾಸಿಗೆಯ ಮೂಲೆ ಸರಿಯಾಗಿ ಮಡಚಿಲ್ಲವೆಂದು ಒಂದೇ ಬೆಡ್ಡನ್ನು ಏಳು ಸಲ ಬಿಚ್ಚಿಸಿ ಹಾಸಿಸಿದರು. ಏಳನೆಯ ಸಲ ಮೂಲೆ ಹೇಗಿತ್ತೆಂದು ಹೇಳಲಾರೆ, ನನ್ನ ಕಣ್ಣು ಮಂಜಾಗಿತ್ತು. ವಾರ್ಡಿನ ಆಯಾಗಳಿಗೆ ಇಲ್ಲಿ ಮಾವಶಿ ಅನ್ನುತ್ತಾರೆ. ಅವರಲ್ಲಿ ಹಿರಿಯಳೊಬ್ಬಳು ನನಗೆ ಚಹಾ ತಂದುಕೊಟ್ಟು ತಲೆ ಸವರಿ ಹೋದಳು. ನಾನು ಹುಬ್ಬಳ್ಳಿಯ ಕೆಲಸ ಬಿಟ್ಟ ಮೇಲೆ ಬಂದಿದ್ದ ಕಂಪ್ಯೂಟರ್ ಎಂಟ್ರಿ ಇನ್ನೊಂದು ಕಾಟ. ಇಪ್ಪತ್ತೆರಡರ ಹುಡುಗಿಯರು ಮಾತಾಡುತ್ತ ಟಪಟಪ ಒತ್ತಿ ಮುಗಿಸುವುದನ್ನು ನಾನು ಒಂದೇ ಬೆರಳಿನಲ್ಲಿ ಹುಡುಕಿ ಹುಡುಕಿ ಒತ್ತುತ್ತಿದ್ದೆ.

"ಎಂತ ಮಾರಾಯ್ತಿ, ಅಕ್ಕಿಯಲ್ಲಿ ಕಲ್ಲು ಹೆಕ್ಕುದಾ?" ಎಂದು ಹಿಂದಿನಿಂದ ದನಿ ಬರುತ್ತಿತ್ತು.

ಮನೆಗೆ ಬಂದು ಬಾತ್‌ರೂಮಿನಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತಿದ್ದೇನೆ. ಆ ಹೆಂಗಸಿಗೆ ಹಿಡಿಶಾಪ ಹಾಕಿದ್ದೇನೆ. ಆದರೆ ಮರುದಿನ ಎಂಟಕ್ಕೆ ಹತ್ತು ನಿಮಿಷವಿರುವಾಗಲೇ ವಾರ್ಡಿನಲ್ಲಿರುತ್ತಿದ್ದೆ. ನನ್ನದೂ ಸ್ವಲ್ಪ ಹಟದ ಸ್ವಭಾವವೇ. ಎರಡನೆಯ ತಿಂಗಳು ಔಷಧಿಯ ಟ್ರಾಲಿ ಸಿಕ್ಕಿತು, ಮೂರನೆಯ ತಿಂಗಳು ಇಂಜೆಕ್ಷನ್ನು. ಒಂದೊಂದಕ್ಕೂ ಅವರು ಹಿಂದೆ ನಿಂತೇ ಇರುತ್ತಿದ್ದರು.

ಅವರ ನಿಯಮಗಳಲ್ಲಿ ಎಲ್ಲಕ್ಕಿಂತ ಕಟ್ಟುನಿಟ್ಟಾದದ್ದು ಪಾಳಿ ಬದಲಾಗುವ ಹೊತ್ತಿನದು. ಹೋಗುವ ಸಿಸ್ಟರ್ ಒಂದೊಂದು ಹಾಸಿಗೆಯ ಮುಂದೆ ನಿಂತು ರೋಗಿಯ ವಿಷಯ ಹೇಳಬೇಕು, ಬರುವವರು ಬರೆದುಕೊಳ್ಳಬೇಕು. ಕೊನೆಯ ಹಾಸಿಗೆ ಮುಗಿಯುವವರೆಗೆ ಕೇಳುವವರು ತುಟಿ ಬಿಚ್ಚುವಂತಿಲ್ಲ. ನಡುವೆ ಮಾತಾಡಿದರೆ ಹೇಳುವವರು ಏನಾದರೂ ಮರೆಯುತ್ತಾರೆ ಎಂಬುದು ಅವರ ವಾದ. ಹಿಂದೆ ಒಬ್ಬಳು ಬಾಯಿ ಹಾಕಿದ್ದಕ್ಕೆ ಆ ತಿಂಗಳೆಲ್ಲ ಅವಳಿಗೆ ಭಾನುವಾರದ ರಜೆ ಸಿಗಲಿಲ್ಲವಂತೆ.

ನನ್ನ ಟ್ರಯಲ್ಲಿನ ಕೊನೆಯ ವಾರ ಆಷಾಢ ಏಕಾದಶಿ ಬಂತು. ನನಗೆ ಮಧ್ಯಾಹ್ನ ಎರಡರ ಪಾಳಿ. ಬೆಳಗಿನ ಪಾಳಿಯ ಸಿಸ್ಟರ್ ಕಲ್ಯಾಣದ ಮರಾಠಿ ಹುಡುಗಿ. ಒಳ್ಳೆಯ ಕೆಲಸಗಾತಿ. ಒಂದೊಂದೇ ಹಾಸಿಗೆಯ ಬಳಿ ಹೇಳುತ್ತ ಬಂದಳು. ನಾನು ಬರೆದುಕೊಳ್ಳುತ್ತ ಬಂದೆ. ಹಿಂದೆ ಮೇಟ್ರನ್.

ಆರನೇ ನಂಬರಿನಲ್ಲಿ ಬಾಗಲಕೋಟೆಯ ಕಡೆಯ ಅಜ್ಜಿಯೊಬ್ಬರಿದ್ದರು. ಸಕ್ಕರೆ ಕಾಯಿಲೆ, ಕಾಲಿನ ಗಾಯ. ಠಾಕುರ್ಲಿಯಲ್ಲಿರುವ ಮಗ ಹಿಂದಿನ ದಿನ ತಂದು ಸೇರಿಸಿದ್ದ. ಮರಾಠಿ ಬಾರದ ಅಜ್ಜಿ ಯಾರು ಏನು ಕೇಳಿದರೂ ನಗುತ್ತ "ಹೋ, ಹೋ" ಎಂದು ಹೂಂಗುಡುತ್ತಿದ್ದರು. ಬೆಳಿಗ್ಗೆ ಇನ್ಸುಲಿನ್ ಕೊಟ್ಟಾಗಿದೆ, ಅಜ್ಜಿಗೆ ಉಪವಾಸವಾದ್ದರಿಂದ ತಾನೇ ಕ್ಯಾಂಟೀನಿಗೆ ಹೇಳಿ ಖಿಚಡಿ ತರಿಸಿದ್ದಾಯಿತು, ತಟ್ಟೆ ಖಾಲಿಯಾಗಿದೆ, ಈಗ ನಿದ್ದೆ ಮಾಡುತ್ತಿದ್ದಾರೆ ಎಂದು ಹೇಳಿ ಹುಡುಗಿ ಏಳನೇ ನಂಬರಿಗೆ ಸರಿದಳು.

ನಾನು ಸರಿಯಲಿಲ್ಲ. ಅಜ್ಜಿಯ ತಲೆದೆಸೆಯಲ್ಲಿ ನೀರಿನ ಬಾಟಲಿ ಇತ್ತು. ಅದರ ಸೀಲ್ ಕೂಡ ಮುರಿದಿರಲಿಲ್ಲ. ತುಟಿ ಒಣಗಿ ಬೆಳ್ಳಗಾಗಿತ್ತು. ನಮ್ಮತ್ತೆ ನೆನಪಾದರು… ಏಕಾದಶಿಯೆಂದರೆ ಹನಿ ನೀರೂ ಇಲ್ಲದೆ ಮರುದಿನದ ಪಾರಣೆಯ ತನಕ ಕೂತಿರುತ್ತಿದ್ದರು. ಡಾಕ್ಟರು ಕೇಳಿದರೆ ಕಣ್ಣು ಮಿಟುಕಿಸದೆ "ಉಂಡೇನ್ರಿ" ಅನ್ನುತ್ತಿದ್ದರು. ಅವರ ಏಕಾದಶಿಗೂ ಇನ್ಸುಲಿನ್ನಿಗೂ ಜಗಳ ಹತ್ತದ ಹಾಗೆ ನೋಡಿಕೊಳ್ಳುವುದರಲ್ಲೇ ನನ್ನ ಹದಿಮೂರು ವರ್ಷ ಹೋಗಿದ್ದವು. ಮಡಿಯಲ್ಲಿರುವ ನಮ್ಮ ಕಡೆಯ ಹಿರಿಯರಿಗೆ ಅಂದು ಸಾಬೂದಾಣಿಯೂ ಊಟವೇ. ಕಲ್ಯಾಣದ ಹುಡುಗಿಗೆ ಅದು ಹೇಗೆ ತಿಳಿಯಬೇಕು? ಅವಳ ಮನೆಯಲ್ಲಿ ಅದೇ ಉಪವಾಸ. ಇನ್ಸುಲಿನ್ ತಗೊಂಡವರು ಏನೂ ತಿನ್ನದಿದ್ದರೆ ಸಕ್ಕರೆ ತೀರಾ ಇಳಿದು ಜೀವಕ್ಕೇ ಬರುತ್ತದೆ.

"ಒಂದು ನಿಮಿಷ," ಎಂದೆ.

ಮೇಟ್ರನ್ ಹಲ್ಲು ಕಚ್ಚಿ ಮೆಲ್ಲಗೆ ಹೇಳಿದರು. "ಸುಮ್ಮನೆ ಮುಂದೆ ಬಾ. ಎಂತ ಇದ್ರೂ ಮುಗಿದ ಮೇಲೆ."

ಇನ್ನೂ ಮೂವತ್ತನಾಲ್ಕು ಹಾಸಿಗೆ ಉಳಿದಿದ್ದವು. ಸಹಿಗೆ ಇನ್ನು ಐದು ದಿನ. ಸುಳ್ಳು ಯಾಕೆ ಹೇಳಲಿ, ಒಂದು ಗಳಿಗೆ ಕಾಲು ಮುಂದಕ್ಕೆ ಎತ್ತಿದ್ದೆ. ನನ್ನ ಅಂದಾಜು ತಪ್ಪಾಗಿದ್ದರೆ ಎಲ್ಲರ ಮುಂದೆ ಮಾನ ಹೋಗುತ್ತದೆ, ಕೆಲಸವೂ ಹೋಗುತ್ತದೆ. ಆಮೇಲೆ ಎತ್ತಿದ ಕಾಲನ್ನು ಅಲ್ಲೇ ಇಟ್ಟೆ.

"ಬರೂದಿಲ್ರಿ ಮೇಡಂ," ಎಂದವಳೇ ಅಜ್ಜಿಯ ಹಣೆ ಮುಟ್ಟಿದೆ. ತಣ್ಣಗೆ ಬೆವೆತಿತ್ತು. ಕುಪ್ಪಸ ತೊಯ್ದು ಮೈಗೆ ಅಂಟಿತ್ತು. "ಅಜ್ಜಿ, ಮುಂಜಾನೆ ಖಿಚಡಿ ತಿಂದ್ರೇನು?"

ಅಜ್ಜಿ ಕಷ್ಟಪಟ್ಟು ಕಣ್ಣು ತೆರೆದರು. ನಾಲಿಗೆ ತೊದಲುತ್ತಿತ್ತು. "ಏಕಾದಶಿ ದಿನ… ತಿಂತಾರೇನವಾ? ಬಾಜೂದಾಕಿಗೆ ಕೊಟ್ಟೆ… ಪಾಪ, ಹಸದಿದ್ಲು."

ಬೆರಳು ಚುಚ್ಚಿ ಸಕ್ಕರೆ ನೋಡಿದೆ. ಐವತ್ತಕ್ಕೂ ಎಷ್ಟೋ ಕೆಳಗೆ ಇಳಿದಿತ್ತು. ಮಾವಶಿ ಸಕ್ಕರೆ ನೀರು ತಂದಳು. ಅಜ್ಜಿ ತುಟಿ ಬಿಗಿದು ಮುಖ ತಿರುಗಿಸಿದರು. ಡಾಕ್ಟರನ್ನು ಕರೆಯಲು ಒಬ್ಬಳು ಓಡಿದಳು. ಅವರು ಮೇಲಿನಿಂದ ಇಳಿಯುತ್ತಲೇ ಗ್ಲೂಕೋಸ್ ನರಕ್ಕೆ ಕೊಡಿ ಎಂದು ಕೂಗಿದರು. ನಾನು ಪಕ್ಕಕ್ಕೆ ಸರಿದೆ, ಇಂಥ ಹೊತ್ತಿನಲ್ಲಿ ಮೇಟ್ರನ್ ತಾವೇ ಮಾಡುತ್ತಾರೆ ಎಂದುಕೊಂಡು. ಅವರು ಅಜ್ಜಿಯ ತೋಳನ್ನು ತಮ್ಮ ಎರಡೂ ಕೈಯಲ್ಲಿ ಗಟ್ಟಿ ಹಿಡಿದು ನನ್ನತ್ತ ನೋಡಿದರು.

"ಹಾಕು," ಎಂದರು.

ನರ ಸಣ್ಣದು, ಒಣಗಿ ಜಾರುತ್ತಿತ್ತು. ಆದರೂ ಒಂದೇ ಸಲಕ್ಕೆ ಸೂಜಿ ಒಳಗೆ ಹೋಯಿತು. ಕೆಲವೇ ನಿಮಿಷಗಳಲ್ಲಿ ಅಜ್ಜಿಯ ಕಣ್ಣು ತಿಳಿಯಾಯಿತು. ಗ್ಲೂಕೋಸ್ ಬಾಟಲಿಯನ್ನು ನೋಡಿದರು, ಕೊಳವೆಯನ್ನು ನೋಡಿದರು, ಅನುಮಾನದಿಂದ ನನ್ನನ್ನು ನೋಡಿದರು.

"ನರದಾಗ ಹೋದ್ರ ಉಪಾಸ ಮುರೀತದೇನು?"

"ಬಾಯಾಗ ಹೋಗಿಲ್ಲಲ್ಲಾ ಅಜ್ಜಿ. ಮುರಿಯೂದಿಲ್ಲ," ಎಂದೆ. ಶಾಸ್ತ್ರ ಏನನ್ನುತ್ತದೋ ನನಗೆ ಗೊತ್ತಿಲ್ಲ. ಅಂದು ಆ ವಾರ್ಡಿನಲ್ಲಿ ನಾನು ಹೇಳಿದ್ದೇ ಶಾಸ್ತ್ರ.

ಕಲ್ಯಾಣದ ಹುಡುಗಿ ಕಂಬದ ಹತ್ತಿರ ನಿಂತು ಬಿಕ್ಕುತ್ತಿದ್ದಳು. ಈಗ ಅವಳ ಗತಿ ಮುಗಿಯಿತು ಎಂದು ಎಲ್ಲರೂ ಅಂದುಕೊಂಡೆವು. ಮೇಟ್ರನ್ ಎಲ್ಲ ಸಿಸ್ಟರುಗಳನ್ನೂ ಮಾವಶಿಗಳನ್ನೂ ಕರೆದು ನಿಲ್ಲಿಸಿದರು. ಖಾಲಿ ತಟ್ಟೆ ನೋಡಿ ಬರೆದದ್ದು ಹುಡುಗಿಯ ತಪ್ಪು, ಆದರೆ ನಡುವೆ ಬಾಯಿ ಬಿಡಬಾರದೆಂಬ ನಿಯಮ ಮಾಡಿದ್ದು ನಾನು, ದೊಡ್ಡ ತಪ್ಪು ನನ್ನದು ಎಂದು ಮರಾಠಿಯಲ್ಲಿ ಹೇಳಿದರು. ನಾಳೆಯಿಂದ ಪಾಳಿಗೆ ಬರುವ ಸಿಸ್ಟರ್ ಪ್ರತಿ ಹಾಸಿಗೆಯ ಮುಂದೆ ರೋಗಿಗೆ ತಾನೇ ಒಂದು ಪ್ರಶ್ನೆ ಕೇಳಬೇಕು, ಕೇಳದೆ ಮುಂದೆ ಹೋಗುವಂತಿಲ್ಲ ಎಂದರು. ಆಮೇಲೆ ನನ್ನ ಕಡೆ ಕೈ ತೋರಿಸಿದರು. "ಬಘಾ. ಹಿಲಾ ಮ್ಹಣತಾತ ಸಿಸ್ಟರ್." ನೋಡಿ, ಸಿಸ್ಟರ್ ಅನ್ನುವುದು ಇವಳಿಗೆ.

ಆಗ ನನಗೆ ಅರ್ಥವಾಯಿತು. ಮೂರು ತಿಂಗಳು ಆ ಹೆಂಗಸು ನನ್ನನ್ನು ಬೈದದ್ದು ಕನ್ನಡದಲ್ಲಿ, ಬೇರೆ ಯಾರಿಗೂ ತಿಳಿಯದ ಹಾಗೆ. ಹೊಗಳಿದ್ದು ಮರಾಠಿಯಲ್ಲಿ, ಇಡೀ ವಾರ್ಡಿಗೆ ಕೇಳುವ ಹಾಗೆ. ಆ ಕನ್ನಡದ ಬೈಗಳನ್ನು ನಾನು ತಾತ್ಸಾರ ಎಂದುಕೊಂಡಿದ್ದೆ. ನನ್ನ ಮೇಲೇ ನನಗೆ ನಾಚಿಕೆಯಾಯಿತು, ಅದರ ಹಿಂದೆಯೇ ಎದೆ ತುಂಬುವಷ್ಟು ಖುಷಿಯಾಯಿತು. ಆ ರಾತ್ರಿ ಪಾಳಿ ಮುಗಿಸಿ ಸ್ಟೇಷನ್ ಹತ್ತಿರ ಅರ್ಧ ಕಿಲೋ ಪೇಢೆ ಕೊಂಡು ಮನೆಗೆ ನಡೆದದ್ದಲ್ಲ, ಹೆಚ್ಚುಕಡಿಮೆ ಓಡಿದೆ.

ಐದನೆಯ ದಿನ ಅವರ ಕೋಣೆಗೆ ಕರೆಸಿದರು. ಕಾಗದಕ್ಕೆ ಸಹಿ ಹಾಕುತ್ತ ತಲೆ ಎತ್ತದೆ ಹೇಳಿದರು: "ನಮ್ಮ ಮನೆ ಇದ್ದದ್ದೇ ಮಠದ ಬೀದಿಯಲ್ಲಿ. ಏಕಾದಶಿ ಅಂದ್ರೆ ಎಂತ ಅಂತ ನನಗೇ ಹೊಳೀಬೇಕಿತ್ತು, ಹೊಳೀಲಿಲ್ಲ. ನೀನು ಆ ಹದಿಮೂರು ವರ್ಷ ಮನೇಲಿ ಸುಮ್ಮನೆ ಕೂತದ್ದಲ್ಲ." ಕಾಗದ ನನ್ನ ಕಡೆ ದೂಡಿದರು. "ಆದ್ರೆ ಆ ಕಂಪ್ಯೂಟರ್ ಮಾತ್ರ ಕಲಿ ಮಾರಾಯ್ತಿ, ದಮ್ಮಯ್ಯ."

ಕಲಿತೆ. ಅವರ ಕೈಕೆಳಗೆ ಮತ್ತೆ ನಾಲ್ಕು ವರ್ಷ ಇದ್ದೆ. ಬೈಗಳು ಒಂದು ದಿನವೂ ಕಡಿಮೆಯಾಗಲಿಲ್ಲ, ಆದರೆ ನಲ್ಲಿ ಬಿಟ್ಟುಕೊಂಡು ಅಳುವುದು ನಿಂತಿತು. ಅವರು ನಿವೃತ್ತರಾಗಿ ಠಾಕುರ್ಲಿಯಲ್ಲಿ ಅಕ್ಕನ ಜೊತೆ ಇರಲು ಹೋದರು. ನಾನು ಮಹಾಪೆಯ ಈ ದೊಡ್ಡ ಆಸ್ಪತ್ರೆಗೆ ಬಂದೆ. ಹೋದ ವರ್ಷ ನನ್ನನ್ನು ಒಂದು ಮಹಡಿಗೆ ಇನ್‌ಚಾರ್ಜ್ ಮಾಡಿದರು. ಸುದ್ದಿಯನ್ನು ಫೋನಿನಲ್ಲಿ ಹೇಳಬಾರದು, ಎದುರಿಗೆ ನಿಂತು ಹೇಳಬೇಕು, ಅವರು ಏನು ತಪ್ಪು ಹುಡುಕುತ್ತಾರೋ ನೋಡಬೇಕು ಎಂದು ಭಾನುವಾರ ಹೋಗುವವಳಿದ್ದೆ. ಆ ಭಾನುವಾರ ಡ್ಯೂಟಿ ಬಿತ್ತು. ಮುಂದಿನ ವಾರ ಹೋದಾಗ ಅವರ ಅಕ್ಕ ಬಾಗಿಲು ತೆರೆದರು. "ಅವಳು ಹೋಗಿ ಐದು ದಿನ ಆಯ್ತಲ್ಲ ಮಗಾ," ಎಂದರು. ಕಾಯಿಲೆ ಇದ್ದದ್ದನ್ನೂ ಯಾರಿಗೂ ಹೇಳಿರಲಿಲ್ಲ. ನನಗೆ ಸಿಟ್ಟೇ ಬಂತು. ಇಷ್ಟು ವರ್ಷ ನರ್ಸಾಗಿದ್ದವರಿಗೆ ಒಬ್ಬ ನರ್ಸನ್ನು ಕರೆಯಬೇಕು ಅನ್ನಿಸಲಿಲ್ಲವೇ? ನಾನು ಬರುತ್ತಿರಲಿಲ್ಲವೇ? ಆ ಸಿಟ್ಟು ಇನ್ನೂ ಇಳಿದಿಲ್ಲ.

ಹೋದ ವಾರ, ಅದೇ ಏಕಾದಶಿಯ ಮಧ್ಯಾಹ್ನ, ಪಾಳಿ ಬದಲಾಗುವ ಹೊತ್ತಿಗೆ ಹೊಸದಾಗಿ ಸೇರಿದ ಹುಡುಗಿಯೊಬ್ಬಳು ನಾನು ಇಲ್ಲೂ ತಂದ ನಿಯಮದಂತೆ ಪ್ರತಿ ಹಾಸಿಗೆಗೂ ಒಂದೊಂದು ಪ್ರಶ್ನೆ ಕೇಳಿ ಕೇಳಿ ಸುಸ್ತಾಗಿ, ಇದನ್ನು ಮಾಡಿದವರು ಯಾರು ಎಂದು ನನ್ನತ್ತ ತಿರುಗಿದಳು. "ಮ್ಯಾಡಮ್, ಯೇ ರೂಲ್ ಬನಾಯಾ ಕಿಸನೇ?"

"ಹಮಾರೀ ಮೇಟ್ರನ್ ನೇ," ಎಂದೆ.

"ಅಭೀ ಕಹಾಂ ಹೈ ವೋ?" ಈಗ ಎಲ್ಲಿದ್ದಾರೆ ಎಂದು ಕೇಳಿದಳು.

ಒಂಬತ್ತನೇ ನಂಬರಿನ ರೋಗಿ ನಮ್ಮಿಬ್ಬರ ಮುಖವನ್ನೇ ನೋಡುತ್ತಿದ್ದ. ಅವರಿಲ್ಲ ಎಂಬ ಮಾತನ್ನು ಒಂದು ವರ್ಷದಿಂದ ನಾನು ಯಾರ ಮುಂದೆಯೂ ಆಡಿರಲಿಲ್ಲ, ಮನೆಯಲ್ಲಿ ಕೂಡ.

"ಅಬ್ ನಹೀಂ ಹೈ," ಎಂದೆ. ಹುಡುಗಿ ಗಾಬರಿಯಾಗಿ ಏನೋ ಹೇಳಲು ಹೊರಟಳು. ನಾನು ಕೈಯಿಂದ ತಡೆದು ಹಾಸಿಗೆಯ ಕಡೆ ತೋರಿಸಿದೆ. ಅವಳು ರೋಗಿಯತ್ತ ಬಾಗಿ ಕೇಳಿದಳು, ಅವನು ಉತ್ತರ ಹೇಳಿದ, ಅವಳು ಬರೆದುಕೊಂಡಳು. ಆಮೇಲೆ ನಾವು ಹತ್ತನೇ ನಂಬರಿಗೆ ಹೋದೆವು.